ಬೀಗ ಮಾಡುವವರ ಊರು

ಬಂಧುಗಳೇ, ಬೀಗಕ್ಕೆ ಹೆಸರಾದ ಊರೊಂದಿತ್ತು. ಅಲ್ಲಿಯ ಬೀಗದ ಕಾರ್ಖಾನೆಗೆ ಒಬ್ಬ ಶ್ರೀಮಂತ ಒಡೆಯನಾಗಿದ್ದ. ಇನ್ನೂರು ಜನ ದುಡಿಯುತ್ತಿದ್ದರು. ಅಲ್ಲಿಯ ಕ್ರಮ ನೋಡಿ: ತಯಾರಾದ ಪ್ರತಿ ಬೀಗವನ್ನೂ ಹಿರಿಯ ಮೇಸ್ತ್ರಿ ಕಿವಿಯ ಬಳಿ ಹಿಡಿದು ಕೀಲಿ ತಿರುಗಿಸಬೇಕು. ಸದ್ದು ಒಪ್ಪಿದರೆ ಪೇಟೆಗೆ. ಒಪ್ಪದಿದ್ದರೆ ಮತ್ತೆ ಅರ ಹಿಡಿದು ತಿದ್ದಬೇಕು. ಆ ಕಿವಿ ಪಳಗಲು ಹತ್ತು ವರ್ಷ. ಪುಸ್ತಕದಲ್ಲಿ ಸಿಗುವ ವಿದ್ಯೆಯಲ್ಲ ಅದು. ಪಕ್ಕದಲ್ಲಿ ಕೂತು ಕಲಿಯುವ ವಿದ್ಯೆ.

ಪರದೇಶದ ಬೀಗ ಬಂತು. ಅರ್ಧ ಬೆಲೆ! ಮಾಡುವ ತಾಪತ್ರಯವೇಕೆ, ತರಿಸಿ ಮಾರಿದರಾಯಿತು ಎಂದು ಶ್ರೀಮಂತ ಕಾರ್ಖಾನೆ ಮುಚ್ಚಿದ. ಗೇಟಿಗೆ ಜಡಿದ ಬೀಗವೂ ಪರದೇಶದ್ದೇ. ಇನ್ನೂರು ಜನ ಅದನ್ನು ನೋಡುತ್ತ ನಿಂತರು. ಮೇಸ್ತ್ರಿ ಗಾರೆ ಕೆಲಸಕ್ಕೆ ಹೋದ. ಹದಿನೈದು ವರ್ಷ ಕಾಂಕ್ರೀಟು ಕಲಸುವ ಯಂತ್ರದ ಪಕ್ಕ, ಅದರ ಗದ್ದಲದಲ್ಲೇ ನಿಂತ.

ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ದೇಶದಲ್ಲೇ ತಯಾರಿಸಿ, ಜನರಿಗೆ ಕೆಲಸ ಕೊಡಿ, ಹೊಸ ಯಂತ್ರಕ್ಕೆ ನೆರವು, ಹೊರಗಿನ ಮಾಲಿಗೆ ಸುಂಕ ಎಂದು ನೀತಿ ಹೊರಡಿಸಿತು. ಒಳ್ಳೆಯ ನೀತಿಯೇ. ಶ್ರೀಮಂತ ಗೇಟು ತೆರೆಸಿದ, ಯಂತ್ರ ತರಿಸಿದ, ಮೇಸ್ತ್ರಿಯ ಮನೆಗೆ ತಾನೇ ನಡೆದುಹೋದ.

"ಬಾರಯ್ಯ, ನಿನ್ನ ಜಾಗ ಖಾಲಿಯಿದೆ. ಹೊಸಬರು ಐವತ್ತು ಜನ ಕಾಯ್ತಿದ್ದಾರೆ, ಕಲಿಸು."

"ನೆನಪಾಯ್ತಾ ಧಣಿ? ನಾನು ಸತ್ತೇ ಹೋದೆ ಅಂದ್ಕೊಂಡಿದ್ರೇನೋ!" ಮೇಸ್ತ್ರಿ ನಕ್ಕ. ಮುಖ ತೊಳೆದು, ಬಿಳಿ ಅಂಗಿ ತೊಟ್ಟು, ಮದುವಣಿಗನಂತೆ ಹೊರಟ.

ಬೀಗ ಕೈಗಿಟ್ಟರು. ಕೀಲಿ ತಿರುಗಿಸಿದ. ಮತ್ತೆ ತಿರುಗಿಸಿದ. ಇನ್ನೊಂದು ಕಿವಿಗೆ ಹಿಡಿದ. ಐವತ್ತು ಜನ ಸುತ್ತ ನಿಂತು ಕಾದರು.

"ಕೀಲಿ ಸದ್ದು ಕೇಳಿಸ್ತಿಲ್ಲ ಧಣಿ."

ಶ್ರೀಮಂತ ಅವನ ಕೈ ಹಿಡಿದುಕೊಂಡ. "ತಪ್ಪು ನನ್ನದಯ್ಯ."

"ನಿಮ್ಮೊಬ್ಬರದೇ ಅಲ್ಲ ಬಿಡಿ. ಕಾರ್ಖಾನೆ ಮುಚ್ಚೋಕೆ ಮುಂಚೇನೇ ನನ್ನ ಮನೆ ಬಾಗಿಲಿಗೆ ಆ ಪರದೇಶದ ಬೀಗ ತಂದು ಹಾಕಿದ್ದೆ. ಅಗ್ಗ ಇತ್ತಲ್ಲ!"

ಇಷ್ಟು ಹೊತ್ತು ಮನಸ್ಸಿನಲ್ಲೇ ಶ್ರೀಮಂತನನ್ನು ಬೈಯುತ್ತಿದ್ದಿರಿ, ಅಲ್ಲವೇ? ಈಗೇಕೆ ತಲೆ ತಗ್ಗಿಸಿದಿರಿ? ನೋಡಿ, ನೀತಿ ಯಂತ್ರವನ್ನು ತಂದೀತು, ಬಂಡವಾಳವನ್ನು ತಂದೀತು. ಕಳೆದುಹೋದ ಕಸುಬನ್ನು ಯಾವ ಸರ್ಕಾರ ತಂದುಕೊಟ್ಟೀತು?

ಆದ್ದರಿಂದ ನಾಳೆ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು, ಇದನ್ನು ಮಾಡಿದವರು ಯಾರು ಎಂದು ಕೇಳಿ. ನಮ್ಮವರ ಮಾಲು ಕೆಟ್ಟಿದ್ದರೆ ಹಿಂದಕ್ಕೆ ಕೊಟ್ಟು, ಜಗಳವಾಡಿಯಾದರೂ ಸರಿಮಾಡಿಸಿ. ಆದರೆ ಮಾಡುವವನ ಕೈ ಬಿಡಬೇಡಿ. ನಿಮ್ಮ ಕೇರಿಯಲ್ಲಿ ಕಸುಬು ಬಲ್ಲ ಒಬ್ಬರಾದರೂ ಉಳಿದಿರುತ್ತಾರೆ. ನಿಮ್ಮ ಮಗಳನ್ನೋ ಮಗನನ್ನೋ ಅವರ ಬಳಿ ಕಳುಹಿಸಿ. ಮುಂದಿನ ವರ್ಷವಲ್ಲ, ಈ ವಾರವೇ ಕಳುಹಿಸಿ.