ಜುಂಜಿಯ ಬಾಯಿ, ಅಜ್ಜನ ಕಂಬಳಿ

ಕೂತೋರು ಕೂತಿರ್ರಪ್ಪ, ನಿಂತೋರು ಕೂತ್ಕೊಳ್ಳಿ. ಎಲೆ ಅಡಿಕೆ ಹಾಕೋರು ಈಗ್ಲೇ ಹಾಕ್ಕೊಂಡ್ಬಿಡಿ. ನಡುವೆ ಎದ್ದು ಉಗುಳೋಕೆ ಹೋದ್ರೆ ನನ್ನ ಕತೆ ನಿಮಗೋಸ್ಕರ ಕಾಯಲ್ಲ.

ಬಲು ಹಿಂದೆ ಒಂದು ಸೀಮೆ ಇತ್ತು. ಯಾವ ಸೀಮೆ ಅಂತ ಕೇಳ್ಬೇಡಿ, ನಂಗೆ ಈ ಕತೆ ಹೇಳಿದೋಳು ನಮ್ಮಜ್ಜಿ, ಅವಳಿಗೂ ಗೊತ್ತಿರ್ಲಿಲ್ಲ. ಆ ಸೀಮೇಲಿ ಒಂದು ಊರು, ಆ ಊರಲ್ಲಿ ಒಂದು ಹುಡುಗಿ, ಆ ಹುಡುಗಿಗೆ ಒಂದು ಬಾಯಿ. ಏನು ಬಾಯಿ ಅಂತೀರಾ! ಹೆಸರು ಜುಂಜಿ. ಬಳೆಗಾರನ ಜೊತೆ ವಾದಕ್ಕಿಳಿದ್ಳು, ಬಳೆಗಾರ ಸೋತ. ಪೂಜಾರಿ ಜೊತೆ ವಾದಕ್ಕಿಳಿದ್ಳು, ಪೂಜಾರಿ ಸೋತ. ಅವರವ್ವನ ಜೊತೆ ವಾದಕ್ಕಿಳಿದ್ಳು, ಅವ್ವ ಸೌಟು ತಗೊಂಡ್ಳು. ಅದು ಬೇರೆ ಮಾತು ಬಿಡಿ.

ಊರೋರೆಲ್ಲ ಒಂದೇ ರಾಗ ಎಳೆಯೋರು. "ಈ ಹುಡುಗಿ ವಕೀಲಿಕೆಗೇ ಹೇಳಿ ಮಾಡಿಸ್ದಂಗವ್ಳೆ!"

ಆಗಿನ ಕಾಲಕ್ಕೆ ವಕೀಲರಿದ್ರಾ? ಇದ್ರು. ಕರೀ ಕೋಟು ಇರ್ಲಿಲ್ಲ, ಕರೀ ಕಂಬಳಿ ಇತ್ತು. ನ್ಯಾಯಕಟ್ಟೆ ಮೇಲೆ ಊರ ಯಜಮಾನರು ಕೂರೋರು. ಕಟ್ಟೆ ಕೆಳಗೆ ಒಂದು ಕಂಬಳಿ ಹಾಸಿರೋದು. ನ್ಯಾಯಕ್ಕೆ ಬಂದೋರಿಗೆ ಮಾತು ಬರ್ದೇ ಇದ್ರೆ, ಅವರ ಪರವಾಗಿ ಮಾತಾಡೋರು ಆ ಕಂಬಳಿ ಮೇಲೆ ಕೂತು ಮಾತಾಡ್ಬೇಕು. ಆ ಕೆಲಸ ಮಾಡ್ತಿದ್ದೋನು ಒಬ್ಬ ಮುದುಕ, ಅವನನ್ನ ಎಲ್ಲ ಕಂಬಳಿಯಜ್ಜ ಅನ್ನೋರು. ಅಜ್ಜನ ಬಾಯಿ ಇನ್ನೂ ಗಟ್ಟಿಯಾಗೇ ಇತ್ತು. ಕಿವಿ ಮಂದ ಆಗಿತ್ತು. "ಕಿವಿ ಹೋದ್ಮೇಲೆ ಈ ಕೆಲಸ ಆಗಲ್ಲಪ್ಪ" ಅಂತ ಅವನೇ ಕಂಬಳಿ ಬಿಟ್ಟು ಏಳೋಕೆ ಹೊರಟಿದ್ದ. ಜನಕ್ಕೆ ಇದು ಅರ್ಥ ಆಗ್ಲಿಲ್ಲ. ಮಾತಾಡೋ ಕೆಲಸಕ್ಕೆ ಕಿವಿ ಯಾಕೆ? ಜುಂಜಿಗೂ ಅರ್ಥ ಆಗ್ಲಿಲ್ಲ. ಖುಷಿ ಮಾತ್ರ ಆಯ್ತು.

ನೆಟ್ಟಗೆ ಅಜ್ಜನ ಹತ್ರ ಹೋದ್ಳು.

"ಅಜ್ಜಾ, ನನ್ನ ಸ್ವಭಾವಕ್ಕೆ ಈ ಕೆಲಸ ಒಗ್ಗುತ್ತಲ್ವಾ?"

"ಹಾಂ?"

"ಒಗ್ಗುತ್ತಲ್ವಾ ಅಂದೇ!"

"ಅದನ್ನ ನಾನು ಹೇಳೋಕಾಗಲ್ಲ ಮಗಾ," ಅಂದ ಅಜ್ಜ. "ನೀನು ಹೇಳೋಕಾಗಲ್ಲ, ಊರೂ ಹೇಳೋಕಾಗಲ್ಲ. ನಿನ್ನ ಎದುರು ಕಡೆ ಕೂತೋನು ಹೇಳ್ಬೇಕು."

ಯಾಕಂಗಂದ? ಕೇಳಿ, ಇಲ್ಲಿ ನಿದ್ದೆ ಮಾಡ್ಬೇಡಿ. ಆ ಕಂಬಳಿಗೆ ಒಂದು ಕಟ್ಟಳೆ ಇತ್ತು. ಕಂಬಳಿ ಮೇಲೆ ಕೂತೋರು ತಮ್ಮ ಕಡೆ ಮಾತು ಎತ್ತೋ ಮುಂಚೆ, ಎದುರು ಕಡೆಯೋನ ಕತೇನ ಹೇಳ್ಬೇಕು. ಅವನು ಅದನ್ನ ಕೇಳಿ "ಹೌದು, ಇದೇ ನನ್ನ ಮಾತು" ಅಂತ ತಲೆ ಆಡಿಸ್ಬೇಕು. ಅವನು ತಲೆ ಆಡಿಸೋಗಂಟ ನಿಮ್ಮ ಕಡೇದು ಒಂದಕ್ಷರ ಎತ್ತಂಗಿಲ್ಲ. ಮೂರು ಸಲ ಹೇಳ್ಬಹುದು. ಮೂರು ಸಲಕ್ಕೂ ತಲೆ ಆಡ್ಲಿಲ್ವಾ, ನ್ಯಾಯ ಅವನ ಕಡೆಗೆ.

ಅವನು ಬೇಕಂತ್ಲೇ ಕಲ್ಲಿನಂಗೆ ಕೂತ್ರೆ ಏನ್ಮಾಡೋದು ಅಂತೀರಾ? ಆ ಮೂಲೇಲಿ ಯಾರೋ ಗುಸುಗುಸು ಅಂದ್ರಿ, ಕೇಳಿಸ್ತು. ಹಂಗೆ ಕೂರಂಗಿಲ್ಲ. ತಲೆ ಆಡಿಸ್ದೇ ಇದ್ರೆ, ಯಾವ ಮಾತು ಬಿಟ್ಟೋಗೈತೆ ಅಂತ ಯಜಮಾನರ ಕಿವೀಲಿ ಹೇಳ್ಬೇಕು. ಯಜಮಾನರು ಒಪ್ಪಿದ್ರೆ ಸರಿ, ಇಲ್ಲಾಂದ್ರೆ ಸೋಲು ಅವನದ್ದೇ.

ಜುಂಜಿಗೆ ಅವಕಾಶ ಬೇಗ್ನೇ ಬಂತು. ಅವಳ ಸೋದರತ್ತೆ ಸಿದ್ದತ್ತೆ ಅಂತ, ಊರಿನ ಬಟ್ಟೆ ಒಗೆಯೋಳು. ಗಂಡ ಇರ್ಲಿಲ್ಲ. ಇದ್ದಿದ್ದು ಒಂದೇ ಒಂದು ಕತ್ತೆ, ಕೆಂಚಿ ಅಂತ. ಮಳೆಗಾಲದ ಮುಂಚೆ ಸಿದ್ದತ್ತೆ ಮಗಳ ಬಾಣಂತನಕ್ಕೆ ಅಂತ ದೂರದೂರಿಗೆ ಹೋಗಿದ್ಳು. ಬರೋ ಹೊತ್ತಿಗೆ ಕೆಂಚಿ ಇಲ್ಲ. ಆವತ್ತಿಂದ ಅಷ್ಟು ಬಟ್ಟೆ ಗಂಟನ್ನೂ ಬೆನ್ನ ಮೇಲೆ ಹೊತ್ಕೊಂಡು ಕೆರೆಗೆ ಹೋಗೋಳು. ಸೊಂಟ ಬಿದ್ದೋಯ್ತು. ಇನ್ನೊಂದು ಮಳೆಗಾಲ ಹಿಂಗೇ ಹೊತ್ರೆ ಆಯಮ್ಮ ಏಳಂಗೇ ಇರ್ಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದಿನ ಸಂತೇಲಿ ನೋಡ್ತಾಳೆ, ಕೆಂಚಿ! ಬೆನ್ನ ಮೇಲೆ ಉಪ್ಪಿನ ಚೀಲ. ಪಕ್ಕದಲ್ಲಿ ಪಕ್ಕದೂರಿನ ಉಪ್ಪು ಮಾರೋ ಗವಿಯಪ್ಪ.

ಜೊತೇಲಿ ಜುಂಜಿ ಇದ್ಳಲ್ಲ. ಬಿಟ್ಟಾಳಾ? ಸಂತೆ ನಟ್ಟನಡುವೆ ನಿಂತು ಬಾಯಿ ಮಾಡಿದ್ಳು. "ಕತ್ತೆ ಕಳ್ಳ! ಕತ್ತೆ ಕಳ್ಳ!" ಸಂತೆಗೆ ಸಂತೆಯೇ ತಿರುಗಿ ನೋಡ್ತು. "ನಂಗೆ ಸಿಕ್ಕಿದ್ದು ಕಣವ್ವ" ಅಂದ ಗವಿಯಪ್ಪ. ಯಾರಿಗೆ ಕೇಳಿಸ್ಬೇಕು? ನ್ಯಾಯ ಕಟ್ಟೆಗೆ ಬಂತು.

ಕತ್ತೇನ ನಡುವೆ ಬಿಟ್ರೆ ಅದೇ ಅದರ ಧಣಿ ಹತ್ರ ಹೋಗುತ್ತೆ ಅಂತೀರಾ? ಯಜಮಾನರಿಗೂ ಹಂಗೇ ಅನ್ನಿಸ್ತು. ಬಿಟ್ರು. ಕೆಂಚಿ ಆ ಕಡೆ ನೋಡ್ತು, ಈ ಕಡೆ ನೋಡ್ತು, ಸೀದಾ ಬೆಲ್ಲದಂಗಡಿ ಕಡೆ ಹೋಯ್ತು.

ಸರಿ, ಸಿದ್ದತ್ತೆಗೆ ಮಾತು ಬರಲ್ಲ. ಜುಂಜಿ ಕಂಬಳಿ ಮೇಲೆ ಕೂತ್ಳು. ಕಂಬಳಿ ಚುಚ್ಚುತ್ತೆ. ಆ ಕಡೆ ಸರಿದ್ಳು, ಈ ಕಡೆ ಸರಿದ್ಳು. ತನ್ನ ಕಡೆ ಮಾತಿಗೆ ಎಂಥಾ ತಯಾರಿ ಮಾಡ್ಕೊಂಡಿದ್ಳು ಗೊತ್ತಾ! ಮೂರು ದಿನದಿಂದ ಹಸುವಿನ ಮುಂದೆ ಹೇಳಿ ಹೇಳಿ ಹಸು ಹಾಲು ಕಮ್ಮಿ ಮಾಡಿತ್ತು. ಈ ಎದುರು ಕಡೆ ಕತೆ ಒಂದು ಬೇಗ ಮುಗಿಸ್ಬಿಡಾಣ ಅಂತ ಶುರು ಮಾಡಿದ್ಳು.

"ಈ ಪುಣ್ಯಾತ್ಮರಿಗೆ ಕತ್ತೆ ಸಿಕ್ತಂತೆ. ಮರದಲ್ಲಿ ಕಾಯಿ ಸಿಕ್ಕಂಗೆ! ಧಣಿ ಯಾರೂ ಇಲ್ಲ ಅಂತ ಪಾಪ ಸಾಕಿದ್ರಂತೆ!"

ಜನ ನಕ್ರು. ಗವಿಯಪ್ಪ ತಲೆ ಆಡಿಸ್ಲಿಲ್ಲ. ಅವನು ಯಜಮಾನರ ಕಿವೀಲಿ ಹೇಳೋ ಅಗತ್ಯಾನೇ ಬರ್ಲಿಲ್ಲ. "ಇದು ಅವನ ಮಾತಲ್ಲ ಜುಂಜಿ, ನಿನ್ನ ಕೊಂಕು" ಅಂದ್ರು. ಒಂದಾಯ್ತು.

ಜುಂಜಿ ಜಾಣೆ. ಎರಡನೇ ಸಲಕ್ಕೆ ಕೊಂಕು ತೆಗೆದ್ಳು, ಗವಿಯಪ್ಪ ಊರೋರ ಮುಂದೆ ಹೇಳ್ಕೊಂಡಿದ್ದನ್ನೇ ಎತ್ತಿದ್ಳು. "ಕೆಂಚಿ ಕೊರಕಲಲ್ಲಿ ಬಿದ್ದಿತ್ತು. ಕಾಲು ಮುರಿದಿತ್ತು. ಇವರು ಎತ್ಕೊಂಡೋಗಿ ಬಿದಿರು ದಬ್ಬೆ ಕಟ್ಟಿದ್ರು. ವಾಸಿ ಆಯ್ತು. ಉಪ್ಪು ಹೇರಿದ್ರು. ಅಷ್ಟೇ." ಮಗ್ಗಿ ಒಪ್ಪಿಸ್ದಂಗೆ ಹೇಳಿದ್ಳು. ಎಲ್ಲಾ ನಿಜ. ಒಂದೂ ಸುಳ್ಳಿಲ್ಲ.

ಗವಿಯಪ್ಪ ತಲೆ ಆಡಿಸ್ಲಿಲ್ಲ. ಎದ್ದು ಹೋಗಿ ಯಜಮಾನರ ಕಿವೀಲಿ ಏನೋ ಹೇಳ್ದ. ಯಜಮಾನರ ಮುಖ ಸಪ್ಪಗಾಯ್ತು. "ಹೌದು, ದೊಡ್ಡ ಮಾತೇ ಬಿಟ್ಟೋಗೈತೆ," ಅಂದ್ರು. "ಉಂಡು ಬನ್ನಿ. ಉಂಡ ಮೇಲೆ ಮೂರನೇದು. ಅದು ಕೊನೇದು."

ಸಿದ್ದತ್ತೆ ಮುದ್ದೆ ಮುಟ್ಲಿಲ್ಲ, ಸೊಂಟದ ಮೇಲೆ ಕೈ ಇಟ್ಕೊಂಡು ಬೆಲ್ಲದಂಗಡಿ ಮುಂದಿದ್ದ ಕೆಂಚೀನೇ ನೋಡ್ತಾ ಕೂತಿದ್ಳು. ಅದನ್ನ ನೋಡೋಕಾಗ್ದೆ ಜುಂಜಿ ಅಜ್ಜನ ಹತ್ರ ಓಡಿ ಕಿವೀಲಿ ಕೂಗಿದ್ಳು.

"ಅಜ್ಜಾ, ಏನು ಬಿಟ್ಟೆ ನಾನು?"

"ನಂಗೇನು ಗೊತ್ತು? ನಂಗೆ ಕಿವಿ ಇಲ್ಲ. ನಿಂಗೈತಲ್ಲ!"

ಗವಿಯಪ್ಪ ಹೊಂಗೆ ಮರದ ಕೆಳಗೆ ಕೂತು ಬುತ್ತಿ ಬಿಚ್ಚಿದ್ದ. ಜುಂಜಿ ಹೋಗಿ ಎದುರಿಗೆ ಕೂತ್ಳು. "ಗವಿಯಪ್ಪಣ್ಣಾ, ನೀನೇ ಹೇಳು, ಕೇಳ್ತೀನಿ," ಅಂದ್ಳು.

"ಇಷ್ಟು ದಿನಕ್ಕೆ ಇವತ್ತು ಕೇಳ್ದೆ ನೋಡವ್ವ," ಅಂದ ಗವಿಯಪ್ಪ. ಹೇಳೋಕೆ ಶುರು ಮಾಡ್ದ.

"ಕತ್ತೆ ಯಾರ್ದು ಅಂತ ನಿಮ್ಮೂರಲ್ಲೂ ಬಂದು ಕೇಳ್ದೆ, ಆಯಮ್ಮ ಊರಲ್ಲಿರ್ಲಿಲ್ಲ, ನಮ್ದು ಅನ್ನೋರು ಒಬ್ರೂ ಸಿಗ್ಲಿಲ್ಲ." ಜುಂಜಿ ನಾಲಿಗೆ ತುದೀಲಿ ಮಾತು ಬಂತು, ಯಾರನ್ನ ಕೇಳ್ದೆ, ಯಾವಾಗ ಕೇಳ್ದೆ! ಸೆರಗಿನ ತುದಿ ಬಾಯಿಗೆ ತುರುಕ್ಕೊಂಡ್ಳು.

"ಅದು ವಾಸಿ ಆಗೋಗಂಟ ಮಳೆಗಾಲ ಪೂರ್ತಿ ಉಪ್ಪು ನಾನೇ ತಲೆ ಮೇಲೆ ಹೊತ್ತೆ. ಮಳೆಗೆ ಉಪ್ಪು ಕರಗಿ ಕಣ್ಣಿಗಿಳಿಯೋದು. ಕುತ್ತಿಗೆ ಹುಣ್ಣಾಯ್ತು." ಮಾತು ಮತ್ತೆ ಬಂತು, ನಮ್ಮತ್ತೆ ಹೊರ್ಲಿಲ್ವಾ ಅಂತ. ಸೆರಗು ಇನ್ನಷ್ಟು ಒಳಗೆ ಹೋಯ್ತು.

"ಸಂತೇಲಿ ಆಯಮ್ಮ ಕತ್ತೆ ನೋಡಿದ ರೀತಿಗೇ, ಕತ್ತೆ ಆಯಮ್ಮಂದೇ ಅಂತ ನಂಗೆ ಗೊತ್ತಾಗೋಯ್ತು. ಕೊಟ್ಬಿಡ್ತಿದ್ದೆ. ಅಷ್ಟರಲ್ಲಿ ನೀನು ಕಳ್ಳ ಅಂದ್ಬಿಟ್ಟೆ."

ಜುಂಜಿ ಸೆರಗು ಕಚ್ಚಿ ಹಿಡಿದಿದ್ಳು. ಈ ಸಲ ನಾಲಿಗೆ ತುದೀಗೆ ಏನೂ ಬರ್ಲಿಲ್ಲ.

"ಈಗ ನನ್ನ ಹತ್ರ ಯಾರೂ ಉಪ್ಪು ತಗೊಳ್ಳಲ್ಲ. ಕದ್ದ ಉಪ್ಪು ಅಂತಾರೆ. ಈಗ ಕತ್ತೆ ಬಿಟ್ಟುಕೊಟ್ರೆ ಕಳ್ಳ ಅಂತ ಒಪ್ಕೊಂಡಂಗೆ. ಹೆಂಗವ್ವ ಕೊಡ್ಲಿ?"

ಉಂಡೋರೆಲ್ಲ ವಾಪಸ್ ಬಂದ್ರು. ಜುಂಜಿ ಕಂಬಳಿ ಮೇಲೆ ಕೂತ್ಳು. ಗವಿಯಪ್ಪನ ಕತೆ ಹೇಳಿದ್ಳು. ಕೊರಕಲು ಹೇಳಿದ್ಳು, ಬಿದಿರು ದಬ್ಬೆ ಹೇಳಿದ್ಳು, ಊರೂರು ಕೇಳಿದ್ದು ಹೇಳಿದ್ಳು. ಕಣ್ಣಿಗಿಳಿದ ಉಪ್ಪುನೀರು, ಕುತ್ತಿಗೆ ಹುಣ್ಣು, ಯಾವುದನ್ನೂ ಬಿಡ್ಲಿಲ್ಲ. ಕೊನೆಗೆ, "ಇವರು ಕತ್ತೆ ಕೊಟ್ಬಿಡೋಕೆ ಹೊರಟಿದ್ರು. ಅಷ್ಟರಲ್ಲಿ ಜುಂಜಿ ಅನ್ನೋ ಒಬ್ಳು ಏನೂ ಕೇಳ್ದೆ ಕಳ್ಳ ಅಂತ ಕೂಗಿದ್ಳು. ಇವರು ಕಳ್ಳರಲ್ಲ. ಇವರಿಗೆ ಬೇಕಾಗಿರೋದು ಕತ್ತೆ ಅಲ್ಲ, ಆ ಮಾತು ವಾಪಸ್ ತಗೊಳ್ಳೋದು," ಅಂದ್ಳು.

ಗವಿಯಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸ್ಕೊಂಡ. ಆಮೇಲೆ ತಲೆ ಆಡಿಸ್ದ. ಒಂದು ಸಲ ಅಲ್ಲ, ಆಡಿಸ್ತಾನೇ ಇದ್ದ.

ಗೆದ್ದಂಗಾಯ್ತಲ್ಲ! ಈಗ ಜುಂಜಿ ತನ್ನ ಕಡೆ ಮಾತು ಎತ್ಬಹುದು. ಹಸುವಿನ ಮುಂದೆ ಹೇಳ್ಕೊಂಡಿದ್ದ ಆ ಚೆಂದದ ಮಾತು! ಎದೆ ತುಂಬ ಉಸಿರು ತಗೊಂಡ್ಳು, ಬಾಯಿ ತೆಗೆದ್ಳು.

ಸಿದ್ದತ್ತೆ ಎದ್ದು ನಿಂತ್ಳು. ಮಾತೇ ಬರ್ದೇ ಇದ್ದ ಸಿದ್ದತ್ತೆ! "ಅಪ್ಪಾ, ಮಳೇಲಿ ತಲೆ ಮೇಲೆ ಹೊತ್ತೆಯಾ ಉಪ್ಪಾ? ನಂಗೊತ್ತಿರ್ಲಿಲ್ಲ ಕಣಪ್ಪ. ಬಟ್ಟೆ ಗಂಟು ಹೊರೋದೇ ಕಷ್ಟ, ಇನ್ನು ಉಪ್ಪು!"

"ಕತ್ತೆ ನಿಮ್ದೇ ಕಣಕ್ಕ, ಹಿಡ್ಕೊಂಡೋಗಿ," ಅಂದ ಗವಿಯಪ್ಪ.

"ಸಂತೆ ದಿನ ನಾನು ಬಟ್ಟೆ ಒಗೆಯಲ್ಲ. ಸಂತೆ ದಿನ ಕೆಂಚಿ ನಿನ್ನ ಉಪ್ಪು ಹೊರ್ಲಿ. ನಾನೇ ಹಿಡ್ಕೊಂಡು ಬಂದು ನಿನ್ನ ಅಂಗಡಿ ಪಕ್ಕ ನಿಲ್ತೀನಿ. ಕದ್ದ ಉಪ್ಪು ಅಂತ ಅದ್ಯಾವನಂತಾನೋ ನೋಡಾಣ!"

ಯಜಮಾನರು ಎದ್ರು, ಜನ ಎದ್ರು, ನ್ಯಾಯ ಮುಗೀತು. ಜುಂಜಿ ಬಾಯಿ ಮಾತ್ರ ಇನ್ನೂ ತೆರೆದೇ ಇತ್ತು.

"ಅಜ್ಜಾ!" ಅಂತ ಕೂಗಿದ್ಳು. "ನನ್ನ ಮಾತು? ನಾನು ಹೇಳೋದೇ ಹೇಳ್ಲಿಲ್ಲ!"

"ಎಲ್ಲೈತೆ ಈಗ?"

"ಇಲ್ಲೇ ಗಂಟಲಲ್ಲೈತೆ! ಉರೀತೈತೆ!"

ಅಜ್ಜ ಬೊಚ್ಚು ಬಾಯಿ ಬಿಟ್ಟು ನಕ್ಕ. "ನೀನು ಹೇಳಿದ್ದು ನಂಗೊಂದೂ ಕೇಳಿಸ್ಲಿಲ್ಲ ಮಗಾ. ಗವಿಯಪ್ಪನ ತಲೆ ಕಾಣಿಸ್ತು. ನಂಗೂ ಹಿಂಗೇ ಎಷ್ಟೋ ಸಲ ಉರಿದೈತೆ. ನಿನ್ನತ್ತೆಗೆ ಕತ್ತೆ ಬಂತಲ್ಲ. ಅದು ಸಾಕು ಅನ್ನಿಸ್ತೈತಾ, ಇಲ್ಲಾ ಆ ಮಾತು ಹೇಳ್ಲೇಬೇಕು ಅನ್ನಿಸ್ತೈತಾ? ಮನೆಗೋಗಿ ಯೋಚ್ನೆ ಮಾಡು. ಸಾಕು ಅನ್ನಿಸಿದ್ರೆ ನಾಳೆ ಬಾ, ಕಂಬಳಿ ನಿಂದು. ಅನ್ನಿಸ್ದಿದ್ರೂ ಬೇಜಾರಿಲ್ಲ, ಸಂತೇಲಿ ಕೂಗಿ ಮಾರೋ ಕೆಲಸ ಬೇಕಾದಷ್ಟೈತೆ."

ಸಿದ್ದತ್ತೆ ಎಷ್ಟೋ ತಿಂಗಳ ಮೇಲೆ ಬರೀ ಕೈ ಬೀಸ್ಕೊಂಡು ಮುಂದೆ ನಡೆದ್ಳು. ಹಿಂದೆ ಕೆಂಚಿ ಹಗ್ಗ ಹಿಡ್ಕೊಂಡು ಜುಂಜಿ. ಅತ್ತೆ ನಡಿಗೆ ನೋಡಿದ್ಳು. ನೋಡ್ತಾ ನೋಡ್ತಾ ಗಂಟಲ ಉರಿ ಅರ್ಧ ಇಳೀತು. ಇನ್ನರ್ಧ? ಅದನ್ನೇನು ಮಾಡೋದು? ಆ ಕಡೆ ನೋಡಿದ್ಳು, ಈ ಕಡೆ ನೋಡಿದ್ಳು, ಯಾರೂ ಇಲ್ಲ. ಕೆಂಚಿ ಕಿವಿ ಹತ್ರ ಬಗ್ಗಿ ಶುರು ಹಚ್ಕೊಂಡ್ಳು ನೋಡಿ! ಹಸುವಿನ ಮುಂದೆ ಹೇಳ್ಕೊಂಡಿದ್ದ ಅಷ್ಟೂ ಮಾತನ್ನ, ಕೈ ಬಾಯಿ ತಿರುಗಿಸ್ಕೊಂಡು, ಮೊದಲಿಂದ ಕೊನೇತನಕ ಹೇಳಿ ಮುಗಿಸಿದ್ಳು. ಆಹಾ, ಯಜಮಾನರು ಕೇಳಿದ್ರೆ ಎದ್ದು ನಿಂತಿರೋರು!

ಮನೆ ಬಾಗಿಲು ಬಂತು. ಕೆಂಚಿ ನಿಂತ್ಕಂಡು ಜುಂಜೀನ ನೋಡ್ತು, ನೋಡಿ ತಲೆ ಆಡಿಸ್ತು.

ಮಾರನೇ ಬೆಳಿಗ್ಗೆ ಅಜ್ಜ ಬರೋ ಹೊತ್ತಿಗೆ ಜುಂಜಿ ಕಂಬಳಿ ಕೊಡವಿ ಹಾಸಿ ಕೂತಿದ್ಳು. ಕಂಬಳಿ ಚುಚ್ಚುತ್ತಾನೇ ಇತ್ತು. ಆಮೇಲೆ ಬಲು ವರ್ಷ ಅವಳು ಊರ ನ್ಯಾಯ ಮಾತಾಡಿದ್ಳು. ಒಂದೊಂದು ನ್ಯಾಯ ಮುಗಿದ ಮೇಲೂ, ಹೇಳ್ದೇ ಉಳಿದ ಮಾತನ್ನೆಲ್ಲ ಕಟ್ಕೊಂಡು ಸಿದ್ದತ್ತೆ ಹಿತ್ತಲಿಗೆ ಹೋಗೋಳಂತೆ, ಕೆಂಚಿ ಹತ್ರ.

ಅಲ್ಲಿಗೆ ನನ್ನ ಕತೆ ಗೂಡು ಸೇರ್ತು, ನೀವು ಮನೆ ಸೇರಿ. ಸರಿ ಅನ್ನಿಸಿದ್ರೆ ಒಂದು ಸಲ ತಲೆ ಆಡಿಸಿ ಏಳಿ. ನೀವು ಆಡಿಸ್ದಿದ್ರೂ ನಂಗೇನು ಬೇಜಾರಿಲ್ಲ. ಹಿತ್ತಲಲ್ಲಿ ನಾನೂ ಒಂದು ಕತ್ತೆ ಕಟ್ಟಿದ್ದೀನಿ.