ಮೂತಿಯೊಳಗಿನ ತಂತಿ

...ಇಲ್ಲ ಭಾವ, ಕ್ಷಮಿಸಿ, ಮತ್ತೆ ಎಲ್ಲೆಲ್ಲೋ ಹೋದೆ. ನನಗೆ ನೆಟ್ಟಗೆ ಹೇಳೋಕೆ ಬರಲ್ಲ. ರೇಡಿಯೋ ರಿಪೇರಿ ಮಾಡೋನು ನಾನು; ಹಿಂದಿನ ಮುಚ್ಚಳ ಬಿಚ್ಚಿ ತೋರಿಸದೆ ಯಾವುದನ್ನೂ ವಿವರಿಸಿ ಗೊತ್ತಿಲ್ಲ. ಮೊದಲಿಂದ ಹೇಳ್ತೀನಿ. ನೀವು ಹಲಗೆ ಉಜ್ಜುತ್ತಾ ಇರಿ, ಪರವಾಗಿಲ್ಲ. ಕಿವಿ ಈ ಕಡೆ ಇದ್ದರೆ ಸಾಕು.

ಆಂಟೆನಾ ಅಂದರೆ ಏನು? ಒಂದು ತುಂಡು ತಂತಿ. ಅಷ್ಟೇ! ...ಯಾಕೆ ನಗ್ತೀರಿ? ಗೊತ್ತು, ನಿಮಗೂ ಗೊತ್ತು. ನಾಲ್ಕು ವರ್ಷದಿಂದ ಕ್ಲಬ್ಬಿನಲ್ಲಿ ಹವ್ಯಾಸಕ್ಕೆ ಹಾರಿಸೋ ನಿಮ್ಮ ರಾಕೆಟ್‌ಗಳಿಗೆಲ್ಲ... ನಮ್ಮ ರಾಕೆಟ್‌ಗಳಿಗೆಲ್ಲ ನಾನೇ ಹಾಕಿದ್ದು. ನಮ್ಮ ಅಂತ ಈಗಲೂ ಅನ್ನಬಹುದು ತಾನೇ?

ಸರಿ ಬಿಡಿ.

ಹದಿನೇಳು ಸೆಂಟಿಮೀಟರ್ ತಂತಿ. ಯಾಕೆ ಹದಿನೇಳು? ಇಪ್ಪತ್ತು ಯಾಕಲ್ಲ? ಯಾಕೆ ಅಂದರೆ ನಮ್ಮ ಟ್ರಾನ್ಸ್‌ಮಿಟರ್ ಕಳಿಸೋ ಅಲೆಯ ಉದ್ದ ಹೆಚ್ಚುಕಡಿಮೆ ಎಪ್ಪತ್ತು, ಅದರಲ್ಲಿ ಕಾಲು ಭಾಗ. ಅಂಗಡಿಯಲ್ಲಿ ಗುಂಡಗೆ ಸುರುಳಿ ಮಾಡಿದ್ದು ಸಿಗುತ್ತೆ, ಬೆರಳುದ್ದ, ನೋಡೋಕೆ ಮುದ್ದಾಗಿರುತ್ತೆ. ಆದರೆ ನೆಟ್ಟಗಿರೋ ತಂತಿಯಷ್ಟು ದೂರ ಕೂಗಲ್ಲ ಅದು. ನಮಗೆ ಬೇಕಾದ್ದು ಕೂಗೋದು ತಾನೇ? ಮೇಲೆ ಹೋದದ್ದು ಪ್ಯಾರಾಚೂಟ್ ಬಿಚ್ಚಿ, ಗಾಳಿಗೆ ತೇಲಿ, ಎಲ್ಲೋ ಪೊದೆಯಲ್ಲಿ ಬಿದ್ದು, 'ಇಲ್ಲಿದ್ದೀನಿ, ಇಲ್ಲಿದ್ದೀನಿ' ಅಂತ ಕೂಗಬೇಕು. ಅದಕ್ಕೇ ತಂತಿಯನ್ನ ರಾಕೆಟ್‌ನ ತುದಿಯ ಚೂಪು ಮೂತಿಯೊಳಗೆ ನೆಟ್ಟಗೆ ನಿಲ್ಲಿಸೋದು, ಬ್ಯಾಟರಿಯಿಂದ ದೂರ, ಕಬ್ಬಿಣದ ಸರಳಿಂದ ದೂರ. ಲೋಹ ಪಕ್ಕದಲ್ಲಿದ್ದರೆ ಅದರ ಬಾಯಿ ಕಟ್ಟಿಹೋಗುತ್ತೆ.

ನೆನಪಿದೆಯಾ, ಮೊದಲನೇ ಸಲ ನೀವು ತಗಡಿನ ಮೂತಿ ಮಾಡಿಕೊಂಡು ಬಂದಿರಿ? ಎಂಥಾ ಹೊಳಪು! ನಾನು ಬೇಡ ಅಂದೆ. ಮೂರು ದಿನ ಮಾತು ಬಿಟ್ಟಿರಿ! ಅಕ್ಕ ನಡುವೆ ಬಂದು, 'ಏನ್ರೀ, ಒಂದು ಮೂತಿಗೋಸ್ಕರ ನನ್ನ ತಮ್ಮನ ಹತ್ತಿರ ಮೂತಿ ತಿರುಗಿಸ್ತೀರಾ' ಅಂತ ಬೈದ ಮೇಲೆ ಮರದ್ದು ಕಡೆದಿರಿ. ಒಳಗೆ ಟೊಳ್ಳು, ಗೋಡೆ ಬೆರಳಷ್ಟೂ ದಪ್ಪ ಇಲ್ಲ. ಬಡಗಿ ಅಂದರೆ ನೀವೇ, ಅದರಲ್ಲಿ ಎರಡು ಮಾತಿಲ್ಲ.

ವಿಷಯಕ್ಕೆ ಬರ್ತೀನಿ. ಬಂದೆ, ಬಂದೆ.

ಈ ಸಲದ್ದು ಕಳೆದುಹೋಯ್ತು. ಹಾರಿತು, ಗುಡ್ಡದಾಚೆ ಇಳೀತು, ಒಂದು ಕೂಗು ಇಲ್ಲ. ಮೂರು ದಿನ ಮುಳ್ಳುಪೊದೆ ಜಾಲಾಡಿದಿರಿ. ನಾನೂ ಬಂದೆ, ನಾನೂ ಹುಡುಕಿದೆ, ಇಲ್ಲ ಅನ್ನಬೇಡಿ. ಆಮೇಲೆ ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಏನಂದಿರಿ? 'ಆಂಟೆನಾ ಕೈಕೊಟ್ಟಿತು.' ಆಂಟೆನಾ! ಅಂದರೆ ಯಾರು ಭಾವ? ಆಂಟೆನಾ ಅಂದರೆ ನಾನೇ ಅಲ್ವಾ? ಈಗ ಅಂಗಡಿಗೆ ಬರೋ ಗಿರಾಕಿಗಳೂ ಕೇಳ್ತಾರೆ, 'ಏನಪ್ಪಾ, ನಿನ್ನ ತಂತಿ ಕೆಲಸ ಮಾಡಲಿಲ್ಲವಂತೆ?' ಅದಕ್ಕೇ ಬಂದೆ. ಜಗಳಕ್ಕಲ್ಲ. ನನ್ನ ತಂತಿಯದ್ದು ತಪ್ಪಿಲ್ಲ ಅಂತ ನೀವೊಬ್ಬರು ಒಪ್ಪಿಕೊಂಡರೆ, ಮುಂದಿನ ರಾಕೆಟ್‌ಗೂ ನಾನೇ...

ಕ್ಲಬ್ಬಿಗೆ ಹೊಸದಾಗಿ ಸೇರಿದ ಆ ಹಲ್ಲಿನ ಡಾಕ್ಟರ್ ಹಾಕ್ತಾರೆ. ಗೊತ್ತು. ಎಲ್ಲಾ ಗೊತ್ತು ನನಗೆ!

ಯಾರು ಹೇಳಿದ್ದು ಅಂತೀರಾ? ನೀವಂತೂ ಹೇಳಲಿಲ್ಲ. ಬಣ್ಣದ ಅಂಗಡಿಯವನು! ಹಾರಿಸೋ ಹಿಂದಿನ ದಿನ, ಶನಿವಾರ, ಮೊಳೆ ತರೋಕೆ ಹೋದರೆ, 'ನಿನ್ನೆ ನಿಮ್ಮ ಭಾವನೂ ಡಾಕ್ಟರೂ ಬಂದು ಬೆಳ್ಳಿ ಬಣ್ಣ ತಗೊಂಡು ಹೋದರು. ಮುಂದಿನದಕ್ಕೆ ರೇಡಿಯೋ ಗೀಡಿಯೋ ಎಲ್ಲ ಡಾಕ್ಟರೇ ತರಿಸ್ತಾರಂತೆ, ಇನ್ನು ನೀವು ಆರಾಮ' ಅಂದ. ಆರಾಮ! ನಾಲ್ಕು ವರ್ಷ ನಿಮ್ಮ ಜೊತೆ ಬಿಸಿಲಲ್ಲಿ ಸುಟ್ಟುಕೊಂಡವನಿಗೆ ಒಂದು ಮಾತು ಹೇಳೋಕೆ ಬಾಯಿ ಬರಲಿಲ್ಲ ನಿಮಗೆ. ಬಣ್ಣದ ಅಂಗಡಿಯವನ ಎದುರು ನಾನು ನಗಬೇಕಾಯ್ತು ಭಾವ. ನಕ್ಕು, 'ಹೌದು ಹೌದು, ನಾವೇ ಮಾತಾಡಿಕೊಂಡಿದ್ದು' ಅನ್ನಬೇಕಾಯ್ತು. ಮೊಳೆ ಅಲ್ಲೇ ಬಿಟ್ಟು ಬಂದೆ.

ಇರಲಿ. ಅದು ಹಳೇ ಮಾತು. ಈಗ ತಪ್ಪು ಎಲ್ಲಿ ಅಂತ ಹೇಳ್ತೀನಿ, ಕೇಳಿ. ಬಣ್ಣ! ಬೆಳ್ಳಿ ಬಣ್ಣ ಅಂದರೆ ಏನು? ಅಲ್ಯೂಮಿನಿಯಂ ಪುಡಿ! ಡಾಕ್ಟರಿಗೆ ಫೋಟೋದಲ್ಲಿ ಮಿಂಚಬೇಕು, ನೀವು ಬಳಿದಿರಿ, ಅದೂ ಮೂರು ಮೂರು ಸಲ. ಮರದ ಮೂತಿ ಹೋಗಿ ಮತ್ತೆ ತಗಡಿನ ಡಬ್ಬ ಆಯ್ತು. ನನ್ನ ತಂತಿ ಒಳಗೆ ಕೂಗ್ತಾನೇ ಇದೆ, ಪಾಪ, ಹೊರಗೆ ಬರೋಕೆ ದಾರಿಯಿಲ್ಲ. ನಾನೂರು ಹೆಜ್ಜೆ ಹಾಗಿರಲಿ, ನಲವತ್ತು ಹೆಜ್ಜೆಗೂ ಕೇಳಿಸಲ್ಲ ಅದು! ಬರೀ ಗೊರಗೊರ. ಗೊರಗೊರ ಬಿಟ್ಟರೆ ಏನೂ...

ಯಾಕೆ ಉಜ್ಜೋದು ನಿಲ್ಲಿಸಿದಿರಿ?

ಹಾಗೆ ನೋಡಬೇಡಿ. ನಾನು ಹೇಳ್ತಿರೋದು ಸಾಮಾನ್ಯವಾಗಿ. ಯಾವುದೇ ಬೆಳ್ಳಿ ಬಣ್ಣ... ಹೌದು, ಬಣ್ಣ ಬಳಿದದ್ದು ಶುಕ್ರವಾರವೇ. ಹೌದು, ಹಾರಿಸಿದ್ದು ಭಾನುವಾರ. ಪರೀಕ್ಷೆ ಮಾಡಿದ್ದೂ ಭಾನುವಾರವೇ, ಅದೇ ಮೂತಿ ಹಾಕಿ. ನಮ್ಮ ಪದ್ಧತಿ ನಿಮಗೆ ನಾನು ಹೇಳಬೇಕಾ? ನೀವು ರಾಕೆಟ್ ಹಿಡಿದು ನಿಲ್ಲೋದು, ನಾನು ರಿಸೀವರ್ ಹಿಡಿದು ನಾನೂರು ಹೆಜ್ಜೆ ನಡೆಯೋದು. ಕೂಗು ಕೇಳಿಸಿದರೆ ಕೈ ಎತ್ತೋದು. ಕೈ ಎತ್ತಿದರೆ ನೀವು ಸ್ಕ್ರೂ ಬಿಗಿಯೋದು. ನಾಲ್ಕು ವರ್ಷದಲ್ಲಿ ಒಂದು ಸಲವೂ ನೀವು ನನ್ನನ್ನ, 'ನಿಜವಾಗಲೂ ಕೇಳಿಸ್ತಾ' ಅಂತ ಕೇಳಿಲ್ಲ.

ಹಲಗೆ ಪಕ್ಕಕ್ಕಿಟ್ಟಿರಾ ಭಾವ? ಬೈಯಿರಿ ಬೇಕಾದರೆ.

ಸ್ವಲ್ಪ ಕೇಳಿಸ್ತು. ಅಂದರೆ... ಕೇಳಿಸಿದ ಹಾಗೆ ಆಯ್ತು. ಕೇಳಿ, ಇದನ್ನ ಬಿಡಿಸಿ ಹೇಳ್ತೀನಿ, ಇದು ನೀವು ಅಂದುಕೊಂಡ ಹಾಗಲ್ಲ. ನಾನೂರು ಹೆಜ್ಜೆ ಹೋಗಿ ತಿರುಗಿ ನೋಡಿದೆ. ನೀವು ನಿಂತಿದ್ದಿರಿ. ಪಕ್ಕದಲ್ಲಿ ಡಾಕ್ಟರ್, ಕೈಯಲ್ಲಿ ನಾನು ಹೊರಡುವಾಗಲೇ ಅವರು ಎತ್ತಿಕೊಂಡಿದ್ದ ನನ್ನ ಸ್ಕ್ರೂಡ್ರೈವರ್. ನನ್ನದು! ಹಳದಿ ಹಿಡಿಯದ್ದು. ಇಬ್ಬರೂ ಏನೋ ಹೇಳಿಕೊಂಡು ನಗ್ತಾ ಇದ್ದಿರಿ. ನನ್ನ ಕಡೆ ನೋಡ್ತಾನೂ ಇರಲಿಲ್ಲ. ನಾನು ಕಾದೆ. ನೀವು ಒಂದು ಸಲ ನೋಡ್ತೀರಿ, ನೋಡಿದರೆ ಕೈ ಅಡ್ಡಡ್ಡ ಆಡಿಸೋಣ, 'ಬೇಡ, ಬೇಡ' ಅಂತ ಕೂಗೋಣ ಅಂತಲೇ ಇದ್ದೆ, ದೇವರಾಣೆ. ಕೊನೆಗೆ ನೋಡಿದಿರಿ. ನೀವಲ್ಲ, ಡಾಕ್ಟರ್ ನೋಡಿದರು, 'ಹೂಂ, ಬೇಗ' ಅನ್ನೋ ಹಾಗೆ ಕೈ ಬೀಸಿದರು. ನನ್ನ ಕೈ ತಾನಾಗೇ ಮೇಲೆ ಹೋಯ್ತು.

ಕೈ ಎತ್ತೋದು ಅಂದರೆ, ಭಾವ, ಎಲ್ಲಾ ಸಲವೂ ಕೇಳಿಸ್ತು ಅಂತಲೇ ಅರ್ಥ ಅಲ್ಲ. ಮನುಷ್ಯ ಬಿಸಿಲು ಕಣ್ಣಿಗೆ ಹೊಡೆದರೂ ಕೈ ಎತ್ತುತ್ತಾನೆ, ಹೀಗೆ, ನೋಡಿ, ಹುಬ್ಬಿನ ಮೇಲೆ. ದೂರದಿಂದ ನೋಡೋರಿಗೆ ಅದೂ ಇದೂ ಒಂದೇ ಥರ...

ಆಂ? ಬಂದೆ ಅಕ್ಕಾ! ಬೀರು ಸರಿಸಬೇಕಾ? ಬಂದೆ, ಒಂದೇ ನಿಮಿಷ! ಇಲ್ಲ, ಏನೂ ಇಲ್ಲ, ಭಾವನಿಗೆ ಆಂಟೆನಾ ವಿಷಯ ಹೇಳ್ತಾ ಇದ್ದೆ ಅಷ್ಟೇ!

ಅವಳಿಗೆ ಹೇಳಬೇಡಿ. ಹೋಗಿ ಬಂದು ಪೂರ್ತಿ ಹೇಳ್ತೀನಿ. ಅವತ್ತು ಬಿಸಿಲು ನನ್ನ ಬೆನ್ನಿಗಿತ್ತು ಅಂತ ನೀವು ಅನ್ನಬಹುದು, ಆದರೆ ಬೆನ್ನಿಗೆ ಬಿಸಿಲು ಇದ್ದಾಗಲೂ, ಈಗ ನೋಡಿ, ಎದುರಿಗೆ ಆ ಬೆಳ್ಳಿ ಮೂತಿ ಹೊಳೀತಾ ಇದ್ದರೆ ಅದರ ಬೆಳಕು...