ತಂತಿ ಇಲ್ಲದ ಬ್ರೇಕರ್

ದೀಪ ಹಾಗೇ ಇರಲಿ, ಆರಿಸಬೇಡಿ. ಹೇಳ್ತೇನೆ.

ಇದು ನನ್ನ ದೊಡ್ಡಮ್ಮನ ಮಗ ಲೋಕನಾಥನ ಮನೆಯಲ್ಲಿ ಆದದ್ದು. ಡೊಂಬಿವಲಿ ಈಸ್ಟ್. ಅವನ ಹೆಂಡತಿ ನಿಶ್ಮಿತಾಳ ಬಾಯಿಂದಲೇ ಕೇಳಿದ್ದು.

ಆವತ್ತು ಐರೋಲಿಯ ಆಫೀಸಿನಿಂದ ಹೊರಡುವಾಗಲೇ ಅವಳಿಗೆ ತಡವಾಗಿತ್ತು. ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯಲ್ಲಿ ಇಳಿದರೆ ಒಂದು ರಿಕ್ಷಾ ಇಲ್ಲ. ನಡೆದಳು. ಅವರ ಫ್ಲ್ಯಾಟ್ ಸೊಸೈಟಿಯ ಗೇಟಿಗಿಂತ ಮೊದಲು ಒಂದು ಹಳೇ ಬಾವಿ ಇದೆ. ಮೇಲೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ ಆಲದಮರ. ಮರದ ಹಣ್ಣು ಜಾಲರಿಯ ಮೇಲೆ ಬೀಳುತ್ತಿತ್ತು. ಟಿಕ್... ಟಿಕ್... ಅಲ್ಲಿಂದ ತಲೆ ಎತ್ತಿದರೆ ಅವರ ಬೆಡ್‌ರೂಮಿನ ಕಿಟಕಿ ಕಾಣುತ್ತದೆ.

ದೀಪ ಉರಿಯುತ್ತಿತ್ತು. ನೋಡುತ್ತಿದ್ದ ಹಾಗೇ... ಆರಿತು.

ಹಾಲಿನಲ್ಲಿ ಬೆಳಕಿತ್ತು. ಕಿಚನ್ನಿನಲ್ಲೂ ಇತ್ತು. ಆ ಒಂದು ಕೋಣೆ ಮಾತ್ರ ಕಪ್ಪು.

ನಿಶ್ಮಿತಾ ಓಡಿದಳು. ಯಾಕೆಂದರೆ ಆ ಕೋಣೆಯಲ್ಲಿ ಅವಳ ಅತ್ತೆ, ಅಂದರೆ ನಾವೆಲ್ಲ ಸುಗುಣಕ್ಕ ಎಂದೇ ಕರೆಯುವ ನನ್ನ ದೊಡ್ಡಮ್ಮ, ಮಲಗಿದ್ದರು. ನ್ಯುಮೋನಿಯಾ ಆಗಿ, ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಆಕ್ಸಿಜನ್ ಮಿಷನ್ ಬರೆದುಕೊಟ್ಟಿದ್ದರು. ಕರೆಂಟಿನಲ್ಲಿ ಓಡುವಂಥದ್ದು. ಅದು ನಿಂತರೆ ಉಸಿರೂ ನಿಂತ ಹಾಗೆಯೇ.

ಬಾಗಿಲು ತೆರೆದೇ ಇತ್ತು. ಒಳಗಿಂದ ಮಿಷನ್ನಿನ ಕೂಗು. ಪೀಂ... ಪೀಂ... ಎದುರು ಫ್ಲ್ಯಾಟಿನ ಕೋಳಂಬ್ಕರ್ ಕಾಕೂ, ಸಂಜೆ ಹೊತ್ತು ಅತ್ತೆಯ ಜೊತೆ ಕೂರುವ ಮರಾಠಿ ಹೆಂಗಸು, ಹಾಲಿನ ಮೀಟರ್ ಬೋರ್ಡಿನ ಮುಂದೆ ಕೈಕಟ್ಟಿ ನಿಂತಿದ್ದರು. ಮುಟ್ಟುವ ಧೈರ್ಯ ಇಲ್ಲ.

"ಪುನ್ಹಾ ಪಡ್ಲಾ," ಎಂದರು, ಪಿಸುದನಿಯಲ್ಲಿ. ಮತ್ತೆ ಬಿತ್ತು, ಅಂದರೆ ಆ ಕೋಣೆಯ ಕರೆಂಟಿನ ಬ್ರೇಕರ್.

ನಿಶ್ಮಿತಾ ಬ್ರೇಕರಿನ ಕಡ್ಡಿ ಮೇಲೆತ್ತಿದಳು. ಟಕ್. ಮಿಷನ್ ಹೊರಳಿ ಎದ್ದಿತು. ಘುರ್ರ್... ಪುಸ್... ಘುರ್ರ್... ಪುಸ್... ಸುಗುಣಕ್ಕನ ತುಟಿ ನೀಲಿಗಟ್ಟಿತ್ತು. ಸೊಸೆಯ ಕೈ ಹಿಡಿದು ಕಿವಿ ಹತ್ತಿರ ಎಳೆದುಕೊಂಡರು.

"ಅವಳಿಗೆ ಹೇಳು ಮಗಾ... ದೀಪ ಬೇಡ ಅಂದ್ರೆ ಬಾಯಲ್ಲಿ ಹೇಳ್ಲಿಕ್ಕೆ ಹೇಳು. ಹೀಗೆ ಕುತ್ತಿಗೆ ಹಿಡಿಯುವುದು ಎಂತಕ್ಕೆ?"

"ಯಾರಿಗೆ ಅತ್ತೆ?"

ಸುಗುಣಕ್ಕ ಕಣ್ಣು ಮುಚ್ಚಿಕೊಂಡರು.

ಫ್ಲ್ಯಾಟ್ ಹಳೇದು, ಇವರು ಕೊಂಡು ಸ್ವಲ್ಪವೇ ಸಮಯ. ಅತ್ತೆಯ ಮಿಷನ್ನಿಗೋಸ್ಕರವೇ ಇಡೀ ಮನೆಗೆ ಹೊಸ ವೈರಿಂಗ್ ಮಾಡಿಸಿದ್ದರು. ಒಂದೊಂದು ಕೋಣೆಗೆ ಒಂದೊಂದು ಬ್ರೇಕರ್. ಬೇರೆ ಯಾವುದಕ್ಕೂ ತಕರಾರಿಲ್ಲ, ಬೆಡ್‌ರೂಮಿನದ್ದು ಮಾತ್ರ ನಿಲ್ಲುವುದಿಲ್ಲ.

ಲೋಕನಾಥ ಮಾಜಿವಾಡಾ ಹತ್ತಿರದ ಒಂದು ವೆಜ್ ಹೋಟೆಲಿನಲ್ಲಿ ಮ್ಯಾನೇಜರ್. ಕೋಪ ಮೂಗಿನ ತುದಿಯಲ್ಲೇ. ಮನೆಗೆ ಬಂದವನೇ ವೈರಿಂಗ್ ಮಾಡಿದ ಮನೀಶನಿಗೆ ಫೋನ್ ಹಚ್ಚಿದ. "ಏನೋ, ನನ್ನ ತಾಯಿಯನ್ನು ಕೊಲ್ಲಬೇಕಂತ ಮಾಡಿದ್ದೀಯಾ? ನಾಳೆ ಬಾರದಿದ್ದರೆ ಪೊಲೀಸಿಗೆ ಹೋಗ್ತೇನೆ ನೋಡು!"

ಮನೀಶ ಬಂದ. ಕಲ್ಯಾಣದಲ್ಲೇ ಹುಟ್ಟಿದವನು. ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವನ ಮುಖವೂ ಗಂಟಿಕ್ಕಿಯೇ ಇತ್ತು. ಸುಗುಣಕ್ಕನನ್ನು ಹಾಲಿನ ದಿವಾನಕ್ಕೆ ತಂದು ಮಲಗಿಸಿದರು, ಮಿಷನ್ನನ್ನು ಹಾಲಿನ ಪ್ಲಗ್ಗಿಗೆ ಹಾಕಿದರು. ಅದು ಸುಮ್ಮನೆ ಓಡುತ್ತಿತ್ತು.

ಬೆಡ್‌ರೂಮಿನ ಪ್ಲಗ್ಗುಗಳನ್ನೆಲ್ಲ ಕಿತ್ತ. ಬ್ರೇಕರ್ ಎತ್ತಿದ. ಟಕ್. ಬಿತ್ತು. ಬಲ್ಬು, ಫ್ಯಾನು ಬಿಚ್ಚಿದ. ಬಿತ್ತು. ಬ್ರೇಕರನ್ನೇ ಬದಲಿಸಿದ, ಹೊಸದು. ಅದೂ ಬಿತ್ತು.

"ಕೆಲಸ ಕಲಿತದ್ದೆಲ್ಲಿ ನೀನು?" ಲೋಕನಾಥ ಕಿರುಚಿದ.

"ದಿಮಾಗ್ ಮತ್ ಖಾವೋ ಸಾಬ್!" ತಲೆ ತಿನ್ನಬೇಡಿ ಅಂತ ಮನೀಶನೂ ತಿರುಗಿ ಬಿದ್ದ. ಬೋರ್ಡಿನ ಮುಂದೆ ನಿಂತು ಬೆಡ್‌ರೂಮಿಗೆ ಹೋಗುವ ತಂತಿಯನ್ನೇ ಬ್ರೇಕರಿನಿಂದ ಬಿಚ್ಚಿದ. ತುದಿ ಗಾಳಿಯಲ್ಲಿ ನೇತಾಡುತ್ತಿತ್ತು. ಈಗ ಆ ಬ್ರೇಕರಿನಿಂದ ಎಲ್ಲಿಗೂ ಏನೂ ಹೋಗುವುದಿಲ್ಲ. ಬೀಳಲಿಕ್ಕೆ ಕಾರಣವೇ ಇಲ್ಲ. ಕಡ್ಡಿ ಎತ್ತಿದ.

ಮೂವರೂ ನೋಡುತ್ತಾ ನಿಂತರು.

ಟಕ್.

ಮತ್ತೆ ಬಿತ್ತು. ನಿಶ್ಮಿತಾ ಹೇಳುತ್ತಾಳೆ, ಅದು ತಾನಾಗಿ ಹಾರಿದ ಹಾಗೆ ಇರಲಿಲ್ಲವಂತೆ... ನಿಧಾನವಾಗಿ ಕೆಳಗೆ ಒತ್ತಿದ ಹಾಗೆ ಇತ್ತಂತೆ.

ಮನೀಶ ನೇತಾಡುವ ತಂತಿಯ ತುದಿ ಹಿಡಿದ. "ವೈರ್ ನಿಕಾಲ್ತಾ ಹೂಂ," ಎಂದ. ಗೋಡೆಯೊಳಗಿನ ಪೈಪಿನಿಂದ ಬೆಡ್‌ರೂಮಿನ ತಂತಿಯನ್ನು ಪೂರ್ತಿ ಎಳೆದು ತೆಗೆಯುವುದು ಅಂತ. ಎರಡೂ ಕೈಯಲ್ಲಿ ಹಿಡಿದು ಎಳೆದ. ಸರ್‍ರ್ ಅಂತ ಒಂದು ಮೊಳ ಬಂತು. ಆಮೇಲೆ ನಿಂತಿತು.

ಮತ್ತೆ ಎಳೆದ.

ಆ ಕಡೆಯಿಂದ ಎಳೆಯಿತು.

ಕೈಯಿಂದ ಜಾರಿ ತಂತಿ ಪೂರ್ತಿ ಒಳಗೆ ಹೋಯಿತು. ಜರ್‍ರ್... ಗೋಡೆಯೊಳಗೇ ಸರಿದು ಹೋದ ಸದ್ದು. ಮನೀಶನ ಅಂಗೈ ಚರ್ಮ ಸುಲಿದು ರಕ್ತ ಒಸರಿತು. ಲೋಕನಾಥ ಓಡಿ ಹೋಗಿ ಬೆಡ್‌ರೂಮಿನ ಬಾಗಿಲು ದೂಡಿದ. ಒಳಗೆ ಯಾರೂ ಇಲ್ಲ. ಹಾಡಹಗಲು. ಕಿಟಕಿ ತೆರೆದಿದ್ದರೂ ಕೋಣೆಯಲ್ಲಿ ಮಬ್ಬು.

"ಯಾರೇ ಅದು?" ಅವನು ಆ ಮಬ್ಬಿಗೆ ಬೈದ. "ಇದು ನನ್ನ ಮನೆ! ದೀಪ ಹಾಕ್ತೇನೆ, ಇಲ್ಲೇ ನನ್ನ ತಾಯಿಯನ್ನು ಮಲಗಿಸ್ತೇನೆ. ಏನು ಮಾಡ್ತೀಯಾ ನೋಡ್ತೇನೆ!"

ಹಾಲಿನಲ್ಲಿ... ಟಕ್.

ಕಿಚನ್ನಿನ ಬ್ರೇಕರ್.

ಟಕ್. ಬಾತ್‌ರೂಮಿನದ್ದು.

ಟಕ್. ಹಾಲಿನದ್ದು. ಮಿಷನ್ ನಿಂತಿತು. ಪೀಂ...

ಕೊನೆಗೆ ಮೇನ್. ಧಡ್.

ನಿಶ್ಮಿತಾ ಬೋರ್ಡಿಗೆ ಹಾರಿದಳು. ಮೇನ್ ಎತ್ತಿದರೆ ಏಳುವುದಿಲ್ಲ. ಎರಡು ಹೆಬ್ಬೆರಳು ಕೊಟ್ಟು ನೂಕಿದಳು. ಮೇಲಿಂದ ಇನ್ನೊಂದು ಬೆರಳು ಒತ್ತಿ ಹಿಡಿದಂತಿತ್ತು. ತಣ್ಣಗಿನ ಬೆರಳು. ಅದು ಕಬ್ಬಿಣವೂ ಅಲ್ಲ, ಪ್ಲಾಸ್ಟಿಕ್ಕೂ ಅಲ್ಲ ಅನ್ನುವುದು ತನಗೆ ಗೊತ್ತು ಎನ್ನುತ್ತಾಳೆ. ಹಿಂದೆ ದಿವಾನದ ಮೇಲೆ ಸುಗುಣಕ್ಕ ಮೀನಿನ ಹಾಗೆ ಬಾಯಿ ಬಿಡುತ್ತಿದ್ದರು.

"ಎತ್ತಿ! ಅಮ್ಮನನ್ನು ಎತ್ತಿ!" ಎಂದು ಅವಳು ಕೂಗಿದಳು.

ಲೋಕನಾಥ ತಾಯಿಯನ್ನು ತೋಳಿನಲ್ಲಿ ಎತ್ತಿಕೊಂಡ. ಮನೀಶ ರಕ್ತದ ಕೈಯಲ್ಲೇ ಮಿಷನ್ ಹೊತ್ತ. ಕೋಳಂಬ್ಕರ್ ಕಾಕೂ ತಮ್ಮ ಬಾಗಿಲು ತೆರೆದು ಕಾದೇ ನಿಂತಿದ್ದರು. ಅವರ ಪ್ಲಗ್ಗಿಗೆ ಹಾಕಿದರು. ಘುರ್ರ್... ಪುಸ್... ಎಷ್ಟೋ ಹೊತ್ತಿನ ಮೇಲೆ ಸುಗುಣಕ್ಕನ ತುಟಿಗೆ ಬಣ್ಣ ಬಂತು. ಲೋಕನಾಥ ನೆಲದ ಮೇಲೆ ಕುಕ್ಕರಿಸಿ, ತಾಯಿಯ ಕಾಲು ಹಿಡಿದುಕೊಂಡು ಅತ್ತ. ಅವನು ಅತ್ತದ್ದನ್ನು ನಿಶ್ಮಿತಾ ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಕಾಕೂ ಬಾಯಿಬಿಟ್ಟರು. ಆಗಲೂ ಪಿಸುದನಿಯೇ, ಮರಾಠಿಯಲ್ಲೇ.

"ಮೊದಲಿದ್ದವರ ತಂಗಿ. ಆ ಕೋಣೆಯಿಂದ ಹೊರಗೆ ಬಂದವಳೇ ಅಲ್ಲ. ಬೆಳಕು ಬಿದ್ದರೆ ಕಿರುಚುತ್ತಿದ್ದಳು. ಕೊನೆಗೆ ಅವಳ ಅಣ್ಣ ಆ ಕೋಣೆಯ ತಂತಿಯನ್ನೇ ಕೀಳಿಸಿದ."

"ಹೌದು," ಎಂದ ಮನೀಶ. ಮೊದಲ ಸಲ ಕನ್ನಡದಲ್ಲಿ. "ನಾನು ಬಂದಾಗ ಪೈಪ್ ಖಾಲಿ ಇತ್ತು."

"ಅವಳು ಈಗ ಎಲ್ಲಿದ್ದಾಳೆ?" ನಿಶ್ಮಿತಾ ಕೇಳಿದಳು.

"ಎಲ್ಲಿಗೆ ಹೋಗುತ್ತಾಳೆ? ಅಲ್ಲೇ ಜೀವ ಬಿಟ್ಟಳು."

"ನಮಗೆ ಮೊದಲೇ ಹೇಳಬೇಕಿತ್ತಲ್ಲ ಕಾಕೂ!"

"ಹೇಳಿದ್ದರೆ ನಂಬುತ್ತಿದ್ದಿರಾ?"

ಆ ಸಂಜೆಯೇ ಸುಗುಣಕ್ಕನನ್ನು ಆಂಬ್ಯುಲೆನ್ಸಿನಲ್ಲಿ ಕಲ್ವಾಕ್ಕೆ, ನಿಶ್ಮಿತಾಳ ಅಕ್ಕನ ಮನೆಗೆ ಸಾಗಿಸಿದರು. ಅವರು ಈಗಲೂ ಇದ್ದಾರೆ, ಗಟ್ಟಿಮುಟ್ಟಾಗಿ. ಮಿಷನ್ ಬಿಟ್ಟೇ ಎಷ್ಟೋ ಕಾಲವಾಯಿತು. ಆ ದಿನದ ಮಾತು ತೆಗೆದರೆ ಮಾತ್ರ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಫ್ಲ್ಯಾಟಿಗೆ ಬೀಗ ಬಿದ್ದಿದೆ.

ಬೀಗ ಹಾಕುವ ಮುಂಚೆ, ಮರುದಿನ ಬೆಳಿಗ್ಗೆ, ಮನೀಶ ತನ್ನ ಸಾಮಾನು ತೆಗೆದುಕೊಳ್ಳಲು ಬಂದಿದ್ದ. ನಾನೂ ಲೋಕನಾಥನ ಜೊತೆಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ, ಇದು ಕೇಳಿದ ಮಾತಲ್ಲ. ಬೆಡ್‌ರೂಮಿನ ಸ್ವಿಚ್ ಬಾಕ್ಸಿನಿಂದ ಮನೀಶ ಆ ತಂತಿಗಳನ್ನು ಹಿಡಿದು ಎಳೆದ. ಈ ಸಲ ಸಲೀಸಾಗಿ ಬಂತು. ಕೆಂಪು, ಕಪ್ಪು, ಹಸಿರು, ಮೂರು ತಂತಿ. ತಾನು ನೆಟ್ಟಗೆ ಹಾಕಿದ್ದೆ ಅಂತ ದೇವರಾಣೆ ಮಾಡಿದ. ಹೆಬ್ಬೆರಳೂ ತೂರದ ಆ ಪೈಪಿನೊಳಗೆ ಮೂರನ್ನೂ ಸೇರಿಸಿ ಜಡೆ ಹೆಣೆದಿತ್ತು. ಒಂದು ಎಳೆಯೂ ತಪ್ಪಿರಲಿಲ್ಲ. ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ.